ಸಂಗೀತ ಸಂಶೋಧನೆಯ ವಿಧಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತದಲ್ಲಿ ಸ್ನಾತಕೋತ್ತರ ಪ್ರಬಂಧಕ್ಕೋ ಪಿಎಚ್‌.ಡಿ.ಗೋ ಕೈ ಹಾಕಿದವರು ಮೊದಲ ವರ್ಷದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ನನ್ನವು. ಕೆಲವು ಕಡೆ ನಿಮ್ಮ ಮಾರ್ಗದರ್ಶಕರ ಅಭಿಪ್ರಾಯ ಬೇರೆ ಇರಬಹುದು. ಆಗ ಅವರ ಮಾತನ್ನೇ ಕೇಳಿ, ಪ್ರಬಂಧಕ್ಕೆ ಸಹಿ ಹಾಕುವವರು ಅವರು.

ಚೆನ್ನಾಗಿ ಹಾಡುತ್ತೇನೆ, ಸಂಗೀತ ಗೊತ್ತಿದೆ. ಇನ್ನು ಸಂಶೋಧನೆ ಎಂದರೆ ಹೊಸದಾಗಿ ಏನು ಮಾಡಬೇಕು?

ಹಾಡುವಾಗ ಒಂದು ಸಂಚಾರ ಸರಿಯಾಗಿದೆ ಎಂದು ನಿಮಗೆ ಗೊತ್ತಿರುತ್ತದೆ. ಏಕೆ ಸರಿ ಎಂದು ಯಾರೂ ಕೇಳುವುದಿಲ್ಲ. ಸಂಶೋಧನೆಯಲ್ಲಿ ಆ ‘ಏಕೆ’ಯನ್ನು ಕೇಳಲೇಬೇಕಾಗುತ್ತದೆ. ಯಾರ ಕಿವಿಗೆ ಸರಿ, ಯಾವ ಕಾಲದಿಂದ ಸರಿ, ಅದಕ್ಕೆ ಏನು ಆಧಾರ, ಆ ಆಧಾರವನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಬಹುದೇ? ಈ ಕೊನೆಯ ಪ್ರಶ್ನೆ ಬಹಳ ಮಂದಿಗೆ ಮರೆತುಹೋಗುತ್ತದೆ. ‘ನಮ್ಮ ಗುರುಗಳು ಹೀಗೆ ಹೇಳಿದರು’ ಎಂಬುದು ಪಾಠದ ಕೋಣೆಯಲ್ಲಿ ಪ್ರಮಾಣ. ಪ್ರಬಂಧದಲ್ಲಿ ಅದು ಒಂದು ಸಾಕ್ಷ್ಯ ಮಾತ್ರ, ಉಳಿದ ಸಾಕ್ಷ್ಯಗಳ ಪಕ್ಕದಲ್ಲಿಟ್ಟು ತೂಗಿ ನೋಡಬೇಕಾದದ್ದು.

ಈ ಕ್ಷೇತ್ರದಲ್ಲಿ ಎಷ್ಟು ಶಾಖೆಗಳಿವೆ?

1885ರಲ್ಲಿ ಗೀಡೊ ಆಡ್ಲರ್ ಸಂಗೀತಶಾಸ್ತ್ರವನ್ನು ಚಾರಿತ್ರಿಕ ಮತ್ತು ವ್ಯವಸ್ಥಿತ ಎಂದು ಎರಡು ಭಾಗ ಮಾಡಿದರು. ಬೇರೆ ಬೇರೆ ಜನಾಂಗಗಳ ಸಂಗೀತವನ್ನು ಹೋಲಿಸುವ ಕೆಲಸವನ್ನು ಎರಡನೆಯದರ ಒಳಗೆ ಸೇರಿಸಿದರು. ಆ ಹೋಲಿಕೆಯ ಶಾಖೆಯೇ ಮುಂದೆ ಬೆಳೆದು, ದೃಷ್ಟಿ ಬದಲಿಸಿಕೊಂಡು, ಎಥ್ನೋಮ್ಯೂಸಿಕಾಲಜಿ (ಸಂಗೀತವನ್ನು ಅದನ್ನು ಹಾಡುವ ಜನರ ಬದುಕಿನೊಂದಿಗೆ ಸೇರಿಸಿ ನೋಡುವ ಅಧ್ಯಯನ) ಎಂಬ ಹೆಸರು ಪಡೆಯಿತು. ಈಗ ಇವುಗಳ ಜೊತೆಗೆ ಸಂಗೀತ ಮನೋವಿಜ್ಞಾನ, ಧ್ವನಿವಿಜ್ಞಾನ, ಗಣಕ ಆಧಾರಿತ ವಿಶ್ಲೇಷಣೆ, ಪ್ರದರ್ಶನ ಅಧ್ಯಯನ ಎಲ್ಲವೂ ಇವೆ. ಬೇಲಿಗಳೇನೂ ಗಟ್ಟಿಯಾಗಿಲ್ಲ. ನೀವು ಯಾವ ಶಾಖೆಯವರು ಎಂಬ ಚಿಂತೆಯನ್ನು ಅರ್ಜಿ ತುಂಬುವ ದಿನಕ್ಕೆ ಇಟ್ಟುಕೊಳ್ಳಿ.

ವಿಷಯ ಸಿಕ್ಕಿದೆ. ಯಾವ ವಿಧಾನ ಬಳಸಲಿ?

ವಿಷಯ ಸಿಕ್ಕಿದೆ ಎನ್ನುವವರಲ್ಲಿ ಹೆಚ್ಚಿನವರಿಗೆ ಸಿಕ್ಕಿರುವುದು ಒಂದು ಪ್ರದೇಶ, ಪ್ರಶ್ನೆಯಲ್ಲ. ‘ತೋಡಿ ರಾಗ’ ಒಂದು ಪ್ರದೇಶ. ‘ಜನಪದ ಸಂಗೀತ’ ಒಂದು ಖಂಡ. ಪ್ರಶ್ನೆಯೇ ಇಲ್ಲದೆ ವಿಧಾನ ಆರಿಸಲು ಕೂತರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ.

ತೋಡಿಯನ್ನೇ ತೆಗೆದುಕೊಳ್ಳೋಣ. ಒಬ್ಬರು ಕೇಳಬಹುದು: ಈ ಹೆಸರಿನ ರಾಗ ಲಕ್ಷಣಗ್ರಂಥಗಳಲ್ಲಿ, ಅಂದರೆ ಸಂಗೀತದ ನಿಯಮ ಹೇಳುವ ಹಳೆಯ ಶಾಸ್ತ್ರಗ್ರಂಥಗಳಲ್ಲಿ, ಯಾವಾಗ ಮೊದಲು ಕಾಣಿಸಿತು, ಆಗ ಅದರ ಸ್ವರಗಳು ಈಗಿನವೇ ಆಗಿದ್ದವೇ? ಇದಕ್ಕೆ ಹಸ್ತಪ್ರತಿ, ಪಾಠಾಂತರ, ಸಂಸ್ಕೃತ, ತೆಲುಗು ಬೇಕು. ಇನ್ನೊಬ್ಬರು ಕೇಳಬಹುದು: ಕರ್ನಾಟಕ ಸಂಗೀತದ ಗಾಯಕರು ಇದರ ಗಾಂಧಾರ ಸ್ವರವನ್ನು (‘ಗ’) ತೂಗುವಾಗ ಆ ತೂಗಾಟ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಧ್ವನಿಮುದ್ರಿಕೆ ಬೇಕು, ಅಳತೆಯ ತಂತ್ರಾಂಶ ಬೇಕು. ಮೂರನೆಯವರು: ಗುರು ಅದನ್ನು ಶಿಷ್ಯರಿಗೆ ಹೇಗೆ ದಾಟಿಸುತ್ತಾರೆ, ಬಾಯಿಯ ಮಾತಿನಿಂದಲೇ, ಕೈಯ ಚಲನೆಯಿಂದಲೇ? ಅವರು ಪಾಠದ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂರಬೇಕು, ವಿಡಿಯೊ ಮಾಡಬೇಕು. ನಾಲ್ಕನೆಯವರು: ಶಾಸ್ತ್ರೀಯ ಸಂಗೀತ ಕಲಿಯದವರ ಕಿವಿಗೂ ಆ ಗಾಂಧಾರ ಬೇರೆಯಾಗಿ ಕೇಳುತ್ತದೆಯೇ? ಅದಕ್ಕೆ ಪ್ರಯೋಗ ನಡೆಸಬೇಕು. ರಾಗ ಒಂದೇ, ದುಡಿಮೆ ನಾಲ್ಕು ಬಗೆ. ನಾಲ್ಕನ್ನೂ ಒಂದೇ ಪ್ರಬಂಧಕ್ಕೆ ತುರುಕಿದವರನ್ನು ನೋಡಿದ್ದೇನೆ. ಪ್ರತಿ ಅಧ್ಯಾಯವೂ ಬೇರೆ ಯಾರದೋ ಪ್ರಬಂಧದ ಮುನ್ನುಡಿಯಂತೆ ಓದಿಸಿಕೊಳ್ಳುತ್ತದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟಿ.

ಒಂದು ಸಣ್ಣ ಪರೀಕ್ಷೆ ಇದೆ. ನಿಮ್ಮ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬರುವ ಸಾಧ್ಯತೆ ಇದೆಯೇ? ‘ಈ ವಾಗ್ಗೇಯಕಾರರ ಹಿರಿಮೆ’ ಎಂಬ ವಿಷಯಕ್ಕೆ ಆ ಸಾಧ್ಯತೆ ಇಲ್ಲ. ಅದು ಅಭಿನಂದನಾ ಗ್ರಂಥಕ್ಕೆ ಒಳ್ಳೆಯ ಲೇಖನವಾದೀತು.

ನಾನು ಅಧ್ಯಯನ ಮಾಡುವ ಸಂಗೀತವನ್ನು ನಾನೇ ಹಾಡಲು ಅಥವಾ ನುಡಿಸಲು ಬರಲೇಬೇಕೆ?

ಬಂದರೆ ಒಳ್ಳೆಯದು. 1960ರಲ್ಲಿ ಅಮೆರಿಕದ ಎಥ್ನೋಮ್ಯೂಸಿಕಾಲಜಿಸ್ಟ್ ಮ್ಯಾಂಟಲ್ ಹುಡ್ ಇದಕ್ಕೆ ‘ದ್ವಿಸಂಗೀತಜ್ಞತೆ’ ಎನ್ನಬಹುದಾದ ಹೆಸರು ಕೊಟ್ಟರು. ಎರಡು ಭಾಷೆ ಬಲ್ಲವರಂತೆ ಎರಡು ಸಂಗೀತಗಳಲ್ಲಿ ಪಳಗಿರಬೇಕು ಎಂಬುದು ಅವರ ವಾದ. ಅವರ ವಿದ್ಯಾರ್ಥಿಗಳು ಜಾವಾದ ಗ್ಯಾಮೆಲಾನ್ ಎಂಬ ವಾದ್ಯವೃಂದದ ಬಗ್ಗೆ ಬರೆಯುವ ಮೊದಲು ಅದನ್ನು ನುಡಿಸಲು ಕಲಿಯಬೇಕಿತ್ತು. ಕೈ ಬೆರಳು ಎಡವಿದಾಗ ತಿಳಿಯುವ ಸಂಗತಿಗಳು ಪುಸ್ತಕದಲ್ಲಿ ಸಿಗುವುದಿಲ್ಲ, ಅದು ನಿಜ.

ಆದರೆ ಇದನ್ನು ಕಡ್ಡಾಯ ಮಾಡಬೇಡಿ. ಸ್ವರಾಂತರಗಳನ್ನು ಅಳೆಯುವ ಸೆಂಟ್ ಪದ್ಧತಿಯನ್ನು ಜನಪ್ರಿಯಗೊಳಿಸಿ, ಲೋಕದ ನಾನಾ ಕಡೆಯ ಸ್ವರಶ್ರೇಣಿಗಳನ್ನು ಅಳೆದು 1885ರಲ್ಲಿ ಪ್ರಕಟಿಸಿದ ಅಲೆಕ್ಸಾಂಡರ್ ಎಲ್ಲಿಸ್ ಅವರಿಗೆ ಸ್ವರ ಗುರುತಿಸುವ ಕಿವಿ ಇರಲಿಲ್ಲ ಎಂಬುದು ಈ ಕ್ಷೇತ್ರದ ಹಳೆಯ ತಮಾಷೆಗಳಲ್ಲೊಂದು. ಕೇಳುವ ಕೆಲಸಕ್ಕೆ ಆಲ್ಫ್ರೆಡ್ ಹಿಪ್ಕಿನ್ಸ್ ನೆರವಾದರು, ಲೆಕ್ಕವನ್ನು ಎಲ್ಲಿಸ್ ಮಾಡಿದರು. ನಿಮಗೆ ಬಾರದ್ದು ಯಾವುದು ಎಂದು ಮೊದಲೇ ತಿಳಿದುಕೊಂಡು, ಬಲ್ಲವರನ್ನು ಜೊತೆಗಿಟ್ಟುಕೊಳ್ಳುವುದೂ ವಿಧಾನವೇ.

ಲಕ್ಷಣಗ್ರಂಥದಲ್ಲಿ ಬರೆದಿರುವುದನ್ನು ಆ ಕಾಲದ ಸಂಗೀತ ಎಂದು ಒಪ್ಪಬಹುದೇ?

ತಡೆಯಿರಿ. ಗ್ರಂಥಕರ್ತ ಕಿವಿಯಾರೆ ಕೇಳಿದ್ದನ್ನು ಬರೆದಿದ್ದಾನೆಯೇ, ಹಿಂದಿನ ಗ್ರಂಥದಿಂದ ಇಳಿಸಿಕೊಂಡಿದ್ದಾನೆಯೇ, ಇಲ್ಲವೇ ಲೆಕ್ಕ ಹಾಕಿ ‘ಹೀಗೂ ಆಗಬಹುದು’ ಎಂದು ತೋರಿಸುತ್ತಿದ್ದಾನೆಯೇ? ಒಂದೇ ಗ್ರಂಥದಲ್ಲಿ ಮೂರೂ ಇರುತ್ತವೆ, ಸಾಲು ಸಾಲಿಗೆ ಬೇರ್ಪಡಿಸಬೇಕು.

17ನೇ ಶತಮಾನದ ವೆಂಕಟಮಖಿ ಇದಕ್ಕೆ ಸೊಗಸಾದ ಉದಾಹರಣೆ. ಆತ ತನ್ನ ಗ್ರಂಥದಲ್ಲಿ 72 ಮೇಳಗಳನ್ನು, ಅಂದರೆ ರಾಗಗಳಿಗೆ ಆಧಾರವಾಗುವ ಸ್ವರಶ್ರೇಣಿಗಳನ್ನು, ಗಣಿತದಿಂದ ಹುಟ್ಟಿಸಿದ. ಆದರೆ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದವು ಎಂದು ವಿವರಿಸಿದ್ದು 19ನ್ನು ಮಾತ್ರ. ಆ ಗ್ರಂಥವನ್ನು ಆಧಾರ ಮಾಡಿಕೊಂಡು ‘17ನೇ ಶತಮಾನದಲ್ಲಿ 72 ಮೇಳಗಳು ಹಾಡಿಕೆಯಲ್ಲಿದ್ದವು’ ಎಂದು ಬರೆದರೆ ಗ್ರಂಥಕರ್ತನೇ ಎದ್ದು ಬಂದು ತಿದ್ದುತ್ತಾನೆ. ಆತ ಅಷ್ಟು ಪ್ರಾಮಾಣಿಕನಾಗಿದ್ದದ್ದು ನಮ್ಮ ಪುಣ್ಯ, ಎಲ್ಲರೂ ಹಾಗಿರುವುದಿಲ್ಲ. ಲಕ್ಷ್ಯ (ಹಾಡಿಕೆ) ಮತ್ತು ಲಕ್ಷಣ (ಶಾಸ್ತ್ರ) ಎಂಬ ಹಳೆಯ ಜೋಡಿಪದ ನಮ್ಮಲ್ಲಿ ಇರುವುದೇ ಈ ಎರಡರ ನಡುವಿನ ಬಿರುಕು ಹಿಂದಿನವರಿಗೂ ಕಂಡಿತ್ತು ಎನ್ನುವುದಕ್ಕೆ ಗುರುತು.

ಹಳೆಯ ಹಸ್ತಪ್ರತಿ ಸಿಕ್ಕಿದೆ. ಅದರಲ್ಲಿ ಮೊದಲು ಏನು ನೋಡಬೇಕು?

ಸಂಗೀತವನ್ನು ಕೊನೆಗೆ ನೋಡಿ. ಮೊದಲು ಕಾಗದ ಅಥವಾ ಓಲೆ, ಶಾಯಿ, ಕೈಬರಹ, ಹೊಲಿಗೆ, ಅಂಚಿನ ಟಿಪ್ಪಣಿ, ಕೈ ಬದಲಾದ ಜಾಗ.

ಇದು ಪಂಡಿತರ ಗೀಳು ಎನ್ನಿಸಿದರೆ 18ನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಕಂಟಾಟಗಳ ಕತೆ ಕೇಳಿ. ಚರ್ಚಿನ ವಾರದ ಆರಾಧನೆಗಾಗಿ ಬರೆದ ಆ ಕೃತಿಗಳ ಕಾಲಾನುಕ್ರಮವನ್ನು 19ನೇ ಶತಮಾನದಲ್ಲಿ ಫಿಲಿಪ್ ಸ್ಪಿಟಾ ಕಟ್ಟಿಕೊಟ್ಟಿದ್ದರು. ಅದರ ಪ್ರಕಾರ ಬಾಖ್ ಲೈಪ್‌ಜಿಗ್‌ನಲ್ಲಿ ದಶಕಗಳ ಕಾಲ ಕಂಟಾಟ ಬರೆಯುತ್ತಲೇ ಇದ್ದ, ಕೋರಾಲ್ ಕಂಟಾಟಗಳು (ಚರ್ಚಿನ ಸ್ತುತಿಗೀತೆಯನ್ನು ಆಧರಿಸಿದವು) ಅವನ ಮಾಗಿದ ವಯಸ್ಸಿನ ಫಲ. ಆ ಚಿತ್ರದ ಮೇಲೆ ಎಷ್ಟೋ ಜೀವನಚರಿತ್ರೆಗಳು ನಿಂತವು. 1950ರ ದಶಕದಲ್ಲಿ ಆಲ್ಫ್ರೆಡ್ ಡೂರ್ ಮತ್ತು ಗಿಯೋರ್ಗ್ ಫಾನ್ ಡಾಡೆಲ್ಸೆನ್ ಬೆಳಕಿಗೆ ಹಿಡಿದರೆ ಕಾಣುವ ಕಾಗದದ ನೀರುಗುರುತುಗಳನ್ನು, ನಕಲುಗಾರರ ಕೈಬರಹಗಳನ್ನು ಒಂದೊಂದಾಗಿ ಜೋಡಿಸಿ ನೋಡಿದರು. ಕೋರಾಲ್ ಕಂಟಾಟಗಳಲ್ಲಿ ಹೆಚ್ಚಿನವು 1724–25ರ ಒಂದೇ ವರ್ಷದ ಸರಣಿ ಎಂದು ತಿಳಿಯಿತು. ಲೈಪ್‌ಜಿಗ್‌ಗೆ ಬಂದ ಮೊದಲ ಕೆಲವೇ ವರ್ಷಗಳಲ್ಲಿ ಉಳಿದಿರುವ ಕಂಟಾಟಗಳ ಬಹುಪಾಲು ಮುಗಿದಿತ್ತು. ಒಬ್ಬ ಮನುಷ್ಯನ ಅಂತರಂಗದ ಬೆಳವಣಿಗೆಯ ಬಗ್ಗೆ ಬರೆದ ಪುಟಗಳೆಲ್ಲ ಕಾಗದವನ್ನು ಬೆಳಕಿಗೆ ಹಿಡಿದಾಗ ಕುಸಿದವು.

ಇನ್ನೊಂದು ಎಚ್ಚರಿಕೆ: ಶೈಲಿ ನೋಡಿ ಕಾಲ ಹೇಳುವ ಧೈರ್ಯ ಬೇಡ. ಪಿಟೀಲು ವಾದಕ ಫ್ರಿಟ್ಸ್ ಕ್ರೈಸ್ಲರ್ ಹಳೆಯ ಕರ್ತೃಗಳ ಹೆಸರಿನಲ್ಲಿ ನುಡಿಸುತ್ತಿದ್ದ ಹಲವು ತುಣುಕುಗಳು ತನ್ನವೇ ಎಂದು 1935ರಲ್ಲಿ ಒಪ್ಪಿಕೊಂಡ. ಅಲ್ಲಿಯವರೆಗೆ ವಿಮರ್ಶಕರ ಕಿವಿಗಳು ಅವನ್ನು 17–18ನೇ ಶತಮಾನದವು ಎಂದೇ ಕೇಳುತ್ತಿದ್ದವು. ಅಂಕಿತ ನೋಡಿ ಕರ್ತೃ ಹೇಳುವ ನಮ್ಮ ಅಭ್ಯಾಸಕ್ಕೂ ಈ ಮಾತು ತಾಗುತ್ತದೆ. ಅಂಕಿತವನ್ನು ಯಾರು ಬೇಕಾದರೂ ಕೊನೆಯ ಸಾಲಿಗೆ ಸೇರಿಸಬಹುದು.

ಹಸ್ತಪ್ರತಿಗಳು ನಂಬಿಕೆಗೆ ಅರ್ಹವಲ್ಲ ಎಂದಾದರೆ ಹಳೆಯ ಧ್ವನಿಮುದ್ರಿಕೆಗಳನ್ನಾದರೂ ನಂಬಬಹುದಲ್ಲ?

ನಂಬಬಹುದು, ಹಸ್ತಪ್ರತಿಯಷ್ಟೇ ಅನುಮಾನದೊಂದಿಗೆ. ಧ್ವನಿಮುದ್ರಿಕೆಯನ್ನೂ ಯಾರೋ ಯಾವುದೋ ಉದ್ದೇಶಕ್ಕೆ ಮಾಡಿದ್ದಾರೆ.

1902ರಲ್ಲಿ ಕಲ್ಕತ್ತಾದಲ್ಲಿ ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ಹಾಡಿದ ಗ್ರಾಮಫೋನ್ ತಟ್ಟೆಗಳನ್ನು ಕೇಳಿ. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ಅದನ್ನು ಠೀವಿ ಎಂದು ತಿಳಿದವರುಂಟು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡಿಗೆ ಯಾವ ಚೀಟಿ ಅಂಟಿಸಬೇಕು ಎಂದು ತಿಳಿಯಲು ಆ ಘೋಷಣೆ ಬೇಕಿತ್ತು. ಹಾಡಿನ ಉದ್ದ ಮೂರು ನಿಮಿಷದ ಆಸುಪಾಸು, ಏಕೆಂದರೆ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಅಷ್ಟೇ. ಮೈಕ್ರೊಫೋನ್ ಇನ್ನೂ ಬಂದಿರಲಿಲ್ಲ, ತುತ್ತೂರಿಯಂಥ ಕೊಳವೆಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಈ ತಟ್ಟೆಗಳನ್ನು ಆಧಾರ ಮಾಡಿಕೊಂಡು ‘ಆ ಕಾಲದ ಗಾಯಕರು ವಿಸ್ತಾರ ಮಾಡುತ್ತಿರಲಿಲ್ಲ, ಮೇಲಿನ ಸ್ಥಾಯಿಯನ್ನು ಇಷ್ಟಪಡುತ್ತಿದ್ದರು’ ಎಂದು ತೀರ್ಮಾನಿಸಿದರೆ ನೀವು ಅಳೆದದ್ದು ಯಂತ್ರವನ್ನು, ಗಾಯಕಿಯನ್ನಲ್ಲ.

ವೇಗದ ತೊಡಕು ಬೇರೆ ಇದೆ. 78 ಸುತ್ತಿನ ತಟ್ಟೆ ಎಂದು ಈಗ ಸರಾಗವಾಗಿ ಹೇಳುತ್ತೇವೆ. ಆದರೆ ಆರಂಭದ ವರ್ಷಗಳಲ್ಲಿ ವೇಗ ಸ್ಥಿರವಾಗಿರಲಿಲ್ಲ. ನಿಮಿಷಕ್ಕೆ 76 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಸುಮಾರು 45 ಸೆಂಟ್ ಏರುತ್ತದೆ. ಹೆಚ್ಚುಕಡಿಮೆ ಅರ್ಧ ಸ್ವರಸ್ಥಾನ! ಲಯವೂ ಅಷ್ಟೇ ಪ್ರಮಾಣದಲ್ಲಿ ಚುರುಕಾಗುತ್ತದೆ, ಕಂಠ ಎಳೆಯದಾಗಿ ಕೇಳುತ್ತದೆ. ಸ್ವರಗಳ ನಡುವಿನ ಅಂತರಗಳು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಇಂಥ ತಟ್ಟೆಯಿಂದ ರಾಗದ ಸ್ವರಾಂತರಗಳ ಬಗ್ಗೆ ಮಾತನಾಡಬಹುದು. ಗಾಯಕಿಯ ಆಧಾರ ಶ್ರುತಿ ಎಷ್ಟಿತ್ತು, ಎಷ್ಟು ವೇಗವಾಗಿ ಹಾಡುತ್ತಿದ್ದಳು ಎಂದು ಹೇಳಬೇಕಾದರೆ ವೇಗಕ್ಕೆ ಬೇರೆ ಪುರಾವೆ ಹುಡುಕಬೇಕು. ಅಂತರಜಾಲದಲ್ಲಿ ಸಿಗುವ ಪ್ರತಿಯನ್ನು ಯಾವ ವೇಗದಲ್ಲಿ ಡಿಜಿಟಲೀಕರಿಸಿದರು ಎಂದು ಯಾರೂ ಬರೆದಿರುವುದಿಲ್ಲ. ಮೂಲ ತಟ್ಟೆ ಇರುವ ಸಂಗ್ರಹಾಗಾರಕ್ಕೆ ಪತ್ರ ಬರೆಯಿರಿ.

ಹಾಡನ್ನು ಸ್ವರಲಿಪಿಗೆ ಇಳಿಸುವಾಗ ಎಷ್ಟು ವಿವರ ಬೇಕು?

ಚಾರ್ಲ್ಸ್ ಸೀಗರ್ 1958ರಲ್ಲಿ ಮಾಡಿದ ಒಂದು ವಿಭಾಗ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಹೀಗೆ ಹಾಡು ಎಂದು ವಿಧಿಸುವ ಬರಹ ಒಂದು, ಹೀಗೆ ಹಾಡಲಾಯಿತು ಎಂದು ದಾಖಲಿಸುವ ಬರಹ ಇನ್ನೊಂದು. ನಮ್ಮ ಕೀರ್ತನೆಯ ಪುಸ್ತಕಗಳಲ್ಲಿರುವುದು ಮೊದಲ ಬಗೆ. ‘ಗ’ ಎಂದು ಒಂದು ಅಕ್ಷರ ಬರೆದರೆ ಸಾಕು, ಉಳಿದದ್ದು ಓದುವವರ ಕಂಠದಲ್ಲಿದೆ ಎಂಬ ಭರವಸೆ ಅದರ ಹಿಂದಿದೆ. ಅದೇ ಪುಸ್ತಕದ ಸ್ವರವನ್ನು ತೆಗೆದು ‘ಈ ರಾಗದಲ್ಲಿ ಗಾಂಧಾರ ಶೇಕಡಾ ಇಷ್ಟು’ ಎಂದು ಎಣಿಸುವ ಪ್ರಬಂಧಗಳು ಬರುತ್ತಲೇ ಇವೆ. ಎಣಿಸಿದ್ದು ಅಕ್ಷರವನ್ನು.

ಒಮ್ಮೆ ತೋಡಿಯ ಆಲಾಪನೆಯ ನಾಲ್ಕು ಸೆಕೆಂಡುಗಳನ್ನು ಬರೆಯಲು ಕೂತೆ. ಪುಸ್ತಕದ ಲಿಪಿಯಲ್ಲಿ ಅದು ಒಂದು ದೀರ್ಘ ‘ಗಾ’, ನಂತರ ‘ರಿ’, ‘ಸ’. ಮೂರು ಅಕ್ಷರ. ವೇಗವನ್ನು ಅರ್ಧಕ್ಕೆ ಇಳಿಸಿ ಕೇಳಿದೆ. ‘ಗಾ’ ಎಂದು ನಾನು ನಂಬಿದ್ದ ಜಾಗದಲ್ಲಿ ಕಂಠ ನಿಂತೇ ಇರಲಿಲ್ಲ. ಕೆಳಗೆ ಋಷಭದ ಹತ್ತಿರದಿಂದ ಮೇಲೆ ಮಧ್ಯಮದ ಕಡೆಗೆ ಏರಿ, ಮತ್ತೆ ಇಳಿದು, ಮತ್ತೆ ಏರುತ್ತಿತ್ತು. ಶ್ರುತಿರೇಖೆಯನ್ನು ತೆರೆಯ ಮೇಲೆ ತೆಗೆದಾಗ ಅಲೆಗಳು ಕಂಡವು. ಗಾಂಧಾರದ ಸ್ಥಾನವೆಂದು ಶಾಸ್ತ್ರ ಹೇಳುವ ಗೆರೆಯನ್ನು ರೇಖೆ ದಾಟುತ್ತಿತ್ತೇ ಹೊರತು ಅದರ ಮೇಲೆ ಕೂರುತ್ತಿರಲಿಲ್ಲ. ಮತ್ತೆ ಪೂರ್ಣ ವೇಗದಲ್ಲಿ ಹಾಕಿದೆ. ಗಾಂಧಾರ ಸ್ಪಷ್ಟವಾಗಿ ಕೇಳಿಸಿತು! ಆ ಸಂಜೆ ಪೂರ್ತಿ ಅಷ್ಟರಲ್ಲೇ ಕಳೆಯಿತು. ಯಾವುದು ಸತ್ಯ, ರೇಖೆಯೋ ಕಿವಿಯೋ? ಎರಡೂ. ನನ್ನ ಪ್ರಶ್ನೆ ಕಂಠದ ಚಲನೆಯ ಬಗ್ಗೆ ಇದ್ದರೆ ಅಲೆಯನ್ನು ಬರೆಯಬೇಕು, ಕೇಳುಗರ ಗ್ರಹಿಕೆಯ ಬಗ್ಗೆ ಇದ್ದರೆ ‘ಗಾ’ ಎಂದು ಬರೆದರೆ ತಪ್ಪೇನಿಲ್ಲ.

ತಜ್ಞರೂ ಇದರಿಂದ ಪಾರಾಗಿಲ್ಲ. ಅಮೆರಿಕದ ಎಥ್ನೋಮ್ಯೂಸಿಕಾಲಜಿ ಸಂಘವು ಆಫ್ರಿಕಾದ ಹುಕ್ವೆ ಜನರ, ಸಂಗೀತ ಬಿಲ್ಲಿನೊಂದಿಗಿನ ಒಂದೇ ಹಾಡಿನ ಒಂದೇ ಮುದ್ರಿಕೆಯನ್ನು ನಾಲ್ವರು ನುರಿತ ವಿದ್ವಾಂಸರಿಗೆ ಕೊಟ್ಟು ಸ್ವರಲಿಪಿ ಬರೆಸಿತು. 1964ರಲ್ಲಿ ನಾಲ್ಕೂ ಒಟ್ಟಿಗೆ ಪ್ರಕಟವಾದವು. ನಾಲ್ಕು ಬಗೆಯ ಬರಹ! ಆದ್ದರಿಂದ ನಿಮ್ಮ ಸ್ವರಲಿಪಿಯ ಕೆಳಗೆ ಏನನ್ನು ಬರೆದಿದ್ದೀರಿ, ಏನನ್ನು ಬಿಟ್ಟಿದ್ದೀರಿ, ಎಷ್ಟು ಸಲ ಕೇಳಿದ್ದೀರಿ ಎಂದು ನಾಲ್ಕು ಸಾಲು ಸೇರಿಸಿ. ಪರೀಕ್ಷಕರು ಮೊದಲು ಓದುವುದು ಅದನ್ನೇ.

ಸೆಂಟ್ ಎಂದರೇನು, ಹರ್ಟ್ಸ್‌ನಲ್ಲೇ ಬರೆದರೆ ಆಗದೇ?

ಕಿವಿ ಕೇಳುವುದು ಅನುಪಾತವನ್ನು, ವ್ಯತ್ಯಾಸವನ್ನಲ್ಲ. 200ರಿಂದ 300 ಹರ್ಟ್ಸ್‌ಗೆ ಏರಿದರೂ 400ರಿಂದ 600ಕ್ಕೆ ಏರಿದರೂ ನಮಗೆ ಕೇಳುವುದು ಅದೇ ಷಡ್ಜ–ಪಂಚಮ. ಆದ್ದರಿಂದ ಒಂದು ಸ್ಥಾಯಿಯನ್ನು 1200 ಸಮ ಅನುಪಾತದ ಭಾಗ ಮಾಡಿ, ಒಂದೊಂದನ್ನು ಸೆಂಟ್ ಎನ್ನುತ್ತೇವೆ. ಎರಡು ಆವೃತ್ತಿಗಳ ಅನುಪಾತಕ್ಕೆ ಆಧಾರ ಎರಡರ ಲಾಗರಿದಂ ತೆಗೆದು 1200ರಿಂದ ಗುಣಿಸಿದರೆ ಮುಗಿಯಿತು. 3:2 ಅನುಪಾತದ ಪಂಚಮ 702 ಸೆಂಟ್, ಪಿಯಾನೊದ್ದು 700. 5:4 ಅನುಪಾತದ ಅಂತರ ಗಾಂಧಾರ 386, ಪಿಯಾನೊದ್ದು 400. ಹಾರ್ಮೋನಿಯಂನ ಸ್ಥಿರ ಸ್ವರಗಳು ನಮ್ಮ ಸಂಗೀತಕ್ಕೆ ಒಗ್ಗುತ್ತವೆಯೇ ಎಂಬ ಹಳೆಯ ಜಗಳದ ಒಂದು ಎಳೆ ಈ 14 ಸೆಂಟ್‌ಗಳಲ್ಲಿದೆ.

ಹಾಗೆಂದು ‘ಈ ಗಾಯಕರ ಗಾಂಧಾರ 386.31 ಸೆಂಟ್’ ಎಂದು ಬರೆಯಬೇಡಿ. ಕಂಠದ ಸಹಜ ಕಂಪನವೇ ಅದಕ್ಕಿಂತ ಎಷ್ಟೋ ಪಾಲು ಅಗಲ. 1963ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಸ್ಟೋನ್ ಹಿಂದುಸ್ತಾನಿ ಕಲಾವಿದರ ಸ್ವರಸ್ಥಾನಗಳನ್ನು ಅಳೆದಾಗ, ಒಂದೇ ಸ್ವರ ಕಲಾವಿದರಿಂದ ಕಲಾವಿದರಿಗೆ, ಒಂದೇ ಪ್ರಸ್ತುತಿಯ ಒಳಗೂ ಕದಲುವುದು ಕಂಡಿತು. ಶಾಸ್ತ್ರ ಒಂದು ಸ್ಥಾಯಿಯಲ್ಲಿ ಎಣಿಸುವ 22 ಶ್ರುತಿಗಳನ್ನು ಯಂತ್ರದಲ್ಲಿ ಹುಡುಕಿ ‘ಸಿಕ್ಕಿತು’ ಎನ್ನಲು ಹೊರಟವರು ಮೊದಲು ಆ ಬರಹವನ್ನು ದಾಟಿ ಬರಬೇಕು.

ಯಾವ ತಂತ್ರಾಂಶ ಕಲಿಯಲಿ?

ಮಾತು ಮತ್ತು ಕಂಠಕ್ಕೆ ಪ್ರಾಟ್, ಧ್ವನಿಮುದ್ರಿಕೆಯ ಮೇಲೆ ಗುರುತು ಹಾಕುತ್ತಾ ಕೇಳಲು ಸೋನಿಕ್ ವಿಷುವಲೈಸರ್, ವಿಡಿಯೊದ ಜೊತೆ ಟಿಪ್ಪಣಿಗೆ ಎಲಾನ್, ಸ್ವರಲಿಪಿಗಳ ದೊಡ್ಡ ಸಂಗ್ರಹವನ್ನು ಜಾಲಾಡಲು ಮ್ಯೂಸಿಕ್21. ನಾಲ್ಕೂ ಉಚಿತ. ಒಂದನ್ನು ಚೆನ್ನಾಗಿ ಕಲಿಯಿರಿ.

ಯಂತ್ರ ಎಲ್ಲಿ ಎಡವುತ್ತದೆ ಎಂದೂ ತಿಳಿದಿರಲಿ. ತಂಬೂರಿ ಹಿನ್ನೆಲೆಯಲ್ಲಿರುವ ಮುದ್ರಿಕೆಯಲ್ಲಿ ಗಾಯಕರು ಉಸಿರೆಳೆದ ಕ್ಷಣ ತಂತ್ರಾಂಶ ತಂಬೂರಿಯ ಷಡ್ಜವನ್ನೇ ಹಾಡೆಂದು ಹಿಡಿಯುತ್ತದೆ. ಕೆಲವೊಮ್ಮೆ ಇಡೀ ಸ್ಥಾಯಿ ಮೇಲೆ ಅಥವಾ ಕೆಳಗೆ ಜಿಗಿಯುತ್ತದೆ. ಇದನ್ನು ತಿದ್ದದೆ ಎಣಿಕೆಗೆ ಇಳಿದರೆ ‘ಷಡ್ಜವೇ ಈ ರಾಗದ ಜೀವಸ್ವರ’ ಎಂಬ ಸಂಶೋಧನೆ ನಿಮ್ಮದಾಗುತ್ತದೆ. ಪಾಶ್ಚಾತ್ಯ ಸಂಗೀತಕ್ಕೆಂದು ಹೊಲಿದ ಅಂಗಿ ಬೇರೆ ಮೈಗೆ ಹೊಂದುವುದಿಲ್ಲ ಎಂಬ ಅರಿವಿನಿಂದಲೇ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕ್ಸೇವಿಯರ್ ಸೆರ್ರಾ ಅವರ ನೇತೃತ್ವದ ಕಾಂಪ್‌ಮ್ಯೂಸಿಕ್ ಯೋಜನೆ 2011ರಲ್ಲಿ ಆರಂಭವಾಯಿತು. ಕರ್ನಾಟಕ, ಹಿಂದುಸ್ತಾನಿ, ಟರ್ಕಿಯ ಮಕಾಮ್, ಬೀಜಿಂಗ್ ಒಪೆರಾ, ಅರಬ್–ಆಂಡಲೂಸಿಯನ್ ಸಂಗೀತಗಳಿಗೆ ಅವುಗಳದೇ ಪರಿಭಾಷೆಯಲ್ಲಿ ದತ್ತಾಂಶ ಮತ್ತು ಉಪಕರಣಗಳನ್ನು ಅದು ಕಟ್ಟಿತು. ಹೊಸದಾಗಿ ಬರೆಯಲು ಕೂರುವ ಮೊದಲು ಅಲ್ಲಿ ಏನಿದೆ ಎಂದು ನೋಡಿ.

ಸಂದರ್ಶನದಲ್ಲಿ ಏನು ಕೇಳಬೇಕು?

ಕಡಿಮೆ ಕೇಳಿ. ನನ್ನ ಮೊದಲ ಕ್ಷೇತ್ರಕಾರ್ಯದ ಪೆಟ್ಟು ಇನ್ನೂ ನೆನಪಿದೆ. ಹಿರಿಯ ಗಾಯಕಿಯೊಬ್ಬರು ಒಂದು ದೀರ್ಘ ಕಥನಗೀತೆ ಹಾಡಿದರು. ಮುಗಿದೊಡನೆ ನಾನು, ‘ಇದು ಇಂಥ ರಾಗವಲ್ಲವೇ?’ ಎಂದೆ. ‘ಹೌದು’ ಎಂದರು. ಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ಹಾಡಿಗೂ ಬೇರೆ ರಾಗದ ಹೆಸರು ಹೇಳಿದೆ, ಅದಕ್ಕೂ ‘ಹೌದು’. ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ಧ್ವನಿಮುದ್ರಣಯಂತ್ರ ಆರಿಸಿದ ಮೇಲೆ ಅವರು ಮೊಮ್ಮಗಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: ‘ಅದನ್ನು ಎಳೆಯುವ ದನಿಯಲ್ಲಿ ಅನ್ನಬೇಡ, ಅದು ನಡೆಯುವ ಹಾಡು.’ ನಿಲ್ಲುವ ಹಾಡು, ನಡೆಯುವ ಹಾಡು, ಎಳೆಯುವ ಹಾಡು. ಅವರಿಗೆ ಅವರದೇ ಒಂದು ವರ್ಗೀಕರಣ ಇತ್ತು. ನನ್ನ ರಾಗಗಳಿಗೆ ಅವರು ‘ಹೌದು’ ಎಂದದ್ದು ಸೌಜನ್ಯಕ್ಕೆ. ಮೂರು ದಿನದ ಟಿಪ್ಪಣಿಯಲ್ಲಿ ಇದ್ದದ್ದೆಲ್ಲ ನನ್ನದೇ ಜ್ಞಾನ, ಅವರ ಸಹಿಯೊಂದಿಗೆ.

ಅಂದಿನಿಂದ ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಗಳನ್ನು ಬಿಟ್ಟಿದ್ದೇನೆ. ‘ಇದನ್ನು ಬೇರೆಯವರು ಹಾಡಿದಾಗ ಎಲ್ಲಿ ಕೆಡುತ್ತದೆ?’ ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ತಪ್ಪಿನ ಬಗ್ಗೆ ಮಾತನಾಡುವಾಗ ಜನರ ನಿಜವಾದ ಸೌಂದರ್ಯಶಾಸ್ತ್ರ ಹೊರಬರುತ್ತದೆ.

ಕ್ಷೇತ್ರದಲ್ಲಿ ಮುದ್ರಿಸಿಕೊಳ್ಳಲು ಬಾಯಿಮಾತಿನ ಒಪ್ಪಿಗೆ ಸಾಕೆ?

ವಿಶ್ವವಿದ್ಯಾಲಯದ ನೈತಿಕ ಸಮಿತಿ ಬರಹದಲ್ಲಿ ಕೇಳಿದರೆ ಬರಹದಲ್ಲೇ ಕೊಡಿ. ಆದರೆ ಒಪ್ಪಿಗೆ ಎಂದರೆ ಒಂದು ಕಾಗದವಲ್ಲ. ಮುದ್ರಿಸಲು ಒಪ್ಪಿದವರು ಅದನ್ನು ಅಂತರಜಾಲಕ್ಕೆ ಹಾಕಲು ಒಪ್ಪಿದಂತಲ್ಲ. ಕೆಲವು ಹಾಡುಗಳನ್ನು ಇಂಥ ಋತುವಿನಲ್ಲಿ ಇಂಥವರು ಮಾತ್ರ ಕೇಳಬೇಕು ಎಂಬ ಕಟ್ಟು ಇರುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹೊಣೆ. 1890ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅಮೆರಿಕದ ಮೂಲನಿವಾಸಿ ಪಾಸಮಕ್ವಾಡಿ ಜನರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ಹಿಡಿದ. ಕ್ಷೇತ್ರದಲ್ಲಿ ಮಾಡಿದ ಅತಿ ಹಳೆಯ ಮುದ್ರಿಕೆಗಳೆಂದು ಹೆಸರಾದವು ಅವು. ಶತಮಾನಕ್ಕೂ ಹೆಚ್ಚು ಕಾಲದ ಬಳಿಕ, ಆ ಹಾಡುಗಳಲ್ಲಿ ಯಾವುದನ್ನು ಲೋಕ ಕೇಳಬಹುದು, ಯಾವುದನ್ನು ಕೇಳಬಾರದು ಎಂದು ಹೇಳುವ ಅಧಿಕಾರ ಆ ಸಮುದಾಯಕ್ಕೆ ಮರಳಿತು. ನಿಮ್ಮ ಮುದ್ರಿಕೆಗಳ ಒಂದು ಪ್ರತಿಯನ್ನು ಹಾಡಿದವರಿಗೆ ಕೊಡಲು ಅಷ್ಟು ವರ್ಷ ಬೇಕಿಲ್ಲ.

ಪ್ರಶ್ನಾವಳಿ, ಪ್ರಯೋಗ, ಅಂಕಿಅಂಶ ಇದ್ದರೆ ಪ್ರಬಂಧಕ್ಕೆ ತೂಕ ಬರುತ್ತದೆಯೇ?

ಪ್ರಶ್ನೆ ಅದನ್ನು ಕೇಳಿದರೆ ಮಾತ್ರ. ‘ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತದೆ’ ಎಂಬ ಮಾತಿನ ಹುಟ್ಟು ನೋಡಿ. 1993ರಲ್ಲಿ ಫ್ರಾನ್ಸಸ್ ರಾಷರ್ ಮತ್ತು ಸಂಗಡಿಗರು 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಟ್ಸಾರ್ಟ್ ಕೇಳಿಸಿ, ಆಕೃತಿಗಳನ್ನು ಮನಸ್ಸಿನಲ್ಲಿ ಮಡಿಸಿ ಬಿಡಿಸುವಂಥ ಪರೀಕ್ಷೆ ಕೊಟ್ಟರು. ಅಂಕ ಸ್ವಲ್ಪ ಏರಿತು, ಹತ್ತು–ಹದಿನೈದು ನಿಮಿಷದಲ್ಲಿ ಪರಿಣಾಮ ಇಳಿದುಹೋಯಿತು. ಅವರು ಹೇಳಿದ್ದು ಅಷ್ಟೇ. ಶಿಶುಗಳ ಬಗ್ಗೆ ಒಂದು ಪದವಿಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಕ್ಕಳಿಗೆಲ್ಲ ಸಂಗೀತದ ಸಿ.ಡಿ. ಹಂಚುವ ಯೋಜನೆ ಮುಂದಿಟ್ಟರು! ಬೇರೆ ಪ್ರಯೋಗಶಾಲೆಗಳಲ್ಲಿ ಮತ್ತೆ ನಡೆಸಿದಾಗ ಪರಿಣಾಮ ತೀರ ಸಣ್ಣದಾಗಿ ಕಂಡಿತು. ಉಲ್ಲಾಸ ತರುವ ಬೇರೇನಾದರೂ ಕೇಳಿಸಿದರೂ ಅಷ್ಟೇ ಲಾಭ ಎಂಬ ವಿವರಣೆ ಹೆಚ್ಚು ಒಪ್ಪಿಗೆಯಾಯಿತು.

ಈ ಕತೆಯಲ್ಲಿ ಸಂಗೀತದ ವಿದ್ಯಾರ್ಥಿ ಗಮನಿಸಬೇಕಾದದ್ದು ಹೋಲಿಕೆಯ ಗುಂಪು. ಮೊಟ್ಸಾರ್ಟ್ ಕೇಳಿದವರನ್ನು ಹೋಲಿಸಿದ್ದು ಮೌನದಲ್ಲಿ ಕೂತವರೊಂದಿಗೆ, ವಿಶ್ರಾಂತಿಯ ಸೂಚನೆಗಳನ್ನು ಕೇಳಿದವರೊಂದಿಗೆ. ಇಬ್ಬರೂ ಬೇಸತ್ತಿರಬಹುದಲ್ಲವೇ? ರಾಗಚಿಕಿತ್ಸೆಯ ಮೇಲಿನ ಪ್ರಬಂಧಗಳಲ್ಲಿ ನಾನು ಹುಡುಕುವುದು ಈ ಎರಡನೆಯ ಗುಂಪನ್ನೇ. ಬಹುಪಾಲು ಸಿಗುವುದಿಲ್ಲ.

ಎರಡು ಕಡೆಯ ರಾಗಗಳು ಒಂದೇ ಆಗಿದ್ದರೆ ಒಂದರಿಂದ ಇನ್ನೊಂದು ಬಂದಿದೆ ಎನ್ನಬಹುದೇ?

ಮೋಹನ ರಾಗದ ಐದು ಸ್ವರಗಳು ಚೀನಾದಲ್ಲಿವೆ, ಸ್ಕಾಟ್ಲೆಂಡಿನ ಹಾಡುಗಳಲ್ಲಿವೆ, ಆಫ್ರಿಕಾದ ಹಲವೆಡೆ ಇವೆ. ಪಂಚಮದ ಮೇಲೆ ಪಂಚಮ ಇಡುತ್ತಾ ನಾಲ್ಕು ಹೆಜ್ಜೆ ಹೋದರೆ ಯಾರಿಗಾದರೂ ಈ ಐದೇ ಸಿಗುತ್ತವೆ. ಯಾರೂ ಯಾರಿಂದಲೂ ಕಡ ತರಬೇಕಿಲ್ಲ. ಪ್ರಭಾವ ಎನ್ನಬೇಕಾದರೆ ದಾರಿ ತೋರಿಸಬೇಕು: ಯಾರು, ಯಾವಾಗ, ಯಾವ ವಾದ್ಯ ಹೊತ್ತು ಹೋದರು. ದಾರಿ ಸಿಗದಿದ್ದರೆ ‘ಹೋಲಿಕೆ’ ಎಂದು ಬರೆದು ಮುಂದೆ ಸಾಗಿ.

ನಾನು ಹುಟ್ಟಿ ಬೆಳೆದ ಪರಂಪರೆಯನ್ನೇ ಅಧ್ಯಯನ ಮಾಡುತ್ತಿದ್ದೇನೆ. ಇದು ಅನುಕೂಲವೇ?

ಬಾಗಿಲು ಬೇಗ ತೆರೆಯುತ್ತದೆ, ಪ್ರಶ್ನೆ ತಡವಾಗಿ ಹುಟ್ಟುತ್ತದೆ. ಜೊತೆಗೆ, ಯಾರ ಬಗ್ಗೆ ಏನು ಬರೆಯಬಾರದು ಎಂಬುದು ನಿಮಗೆ ಮೊದಲೇ ಗೊತ್ತಿರುತ್ತದೆ. ಅದು ಗೊತ್ತಿದೆ ಎಂಬುದನ್ನಾದರೂ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆಯಿರಿ.

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಬಹುದೇ?

ಸಂದರ್ಶನದ ಮಾತನ್ನು ಬರಹಕ್ಕಿಳಿಸಲು, ಮುದ್ರಿಕೆಯಲ್ಲಿ ಕಂಠವನ್ನು ವಾದ್ಯಗಳಿಂದ ಬೇರ್ಪಡಿಸಲು ಉಪಯೋಗಕ್ಕೆ ಬರುತ್ತವೆ. ಆಮೇಲೆ ಮೂಲದೊಂದಿಗೆ ಸಾಲುಸಾಲಾಗಿ ಕೇಳಿ ತಿದ್ದಬೇಕು. ಆಕರಗಳನ್ನು ಹುಡುಕಿಕೊಡು ಎಂದು ಕೇಳಿದರೆ ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಸಹಿತ ವಿವರ ಕೊಟ್ಟಾವು. ಕೈಯಲ್ಲಿ ಹಿಡಿದು ನೋಡದ ಪುಸ್ತಕವನ್ನು ಉಲ್ಲೇಖಿಸಬೇಡಿ.

ಮುದ್ರಿಕೆಗಳನ್ನು ಹೇಗೆ ಕಾಪಾಡಲಿ?

ವೇವ್ ರೂಪದಲ್ಲಿ, 24 ಬಿಟ್, 48 ಕಿಲೋಹರ್ಟ್ಸ್. ಜಾಗ ಉಳಿಸಲು ಎಂಪಿ ತ್ರೀಯಲ್ಲಿ ಮುದ್ರಿಸಬೇಡಿ, ಕಳೆದ ವಿವರ ಮರಳಿ ಬರುವುದಿಲ್ಲ. ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ. ಪ್ರತಿ ಮುದ್ರಿಕೆಯ ಆರಂಭದಲ್ಲಿ ದಿನಾಂಕ, ಜಾಗ, ಹಾಡುವವರ ಹೆಸರನ್ನು ಬಾಯಲ್ಲೇ ಹೇಳಿ. ಗೌಹರ್ ಜಾನ್ ಮಾಡಿದ್ದು ಅದನ್ನೇ, ಆಕೆ ಕೊನೆಗೆ ಹೇಳಿದಳು. ಕಡತದ ಹೆಸರು ಕಳಚಿಹೋದರೂ ದನಿ ಉಳಿಯುತ್ತದೆ. ‘ಹೊಸ ಮುದ್ರಿಕೆ 17’ ಎಂಬ ಹೆಸರಿನ ಕಡತವೊಂದು ನನ್ನ ಬಳಿ ಇನ್ನೂ ಇದೆ. ಅದರಲ್ಲಿ ಹನ್ನೊಂದು ನಿಮಿಷ ಯಾರೋ ಅದ್ಭುತವಾಗಿ ಹಾಡಿದ್ದಾರೆ. ಯಾರೆಂದು ಇಂದಿಗೂ ತಿಳಿದಿಲ್ಲ.

ಸಂಗ್ರಹ ಸಾಕು, ಬರೆಯಲು ಕೂರಬಹುದು ಎಂದು ಹೇಗೆ ತಿಳಿಯುವುದು?

ಹೊಸ ಮುದ್ರಿಕೆ ಕೇಳುವ ಮೊದಲೇ ಅದರಲ್ಲಿ ಏನಿರಬಹುದು ಎಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಕೇಳಿ. ಮೂರ್ನಾಲ್ಕು ಸಲ ಸತತವಾಗಿ ಚೀಟಿ ಸರಿಯಾದರೆ ಕೂರಿ. ಐದನೆಯದು ತಪ್ಪಾದರೆ ಬೇಸರ ಬೇಡ, ಬಹುಶಃ ನಿಮ್ಮ ಅತ್ಯುತ್ತಮ ಅಧ್ಯಾಯ ಅದರಲ್ಲಿದೆ. ಇನ್ನೊಮ್ಮೆ ಹಿಂದಕ್ಕೆ ತಿರುಗಿಸಿ ಕೇಳಿ.